ಕಾಲಡಿಯ ಹಗೇವಿಗೆ

ಪ್ರೀತಿಯ ಹಗೇವೇ,

ಫೋಟೊ ತೆಗೆಯಲು ಬಂದವರಿಗೆ ನೀನು ಕೊಡುವಷ್ಟು ಕಾಟವನ್ನು ಬೇರೆ ಯಾವ ಕಣಜವೂ ಕೊಡುವುದಿಲ್ಲ. ಮಲೆನಾಡಿನ ಪತ್ತಾಯ ಮನೆಯೊಳಗೆ ಗತ್ತಿನಿಂದ ಕೂತಿರುತ್ತದೆ. ಕರಾವಳಿಯ ಅಂಗಳದ ತಿರಿ ದೂರದಿಂದಲೇ ಕಾಣುತ್ತದೆ. ಅವುಗಳ ಎದುರು ನಿಂತು ಬಟನ್ ಒತ್ತಿದರೆ ಮುಗಿಯಿತು. ನೀನೋ ನೆಲದೊಳಗೆ. ತುಂಬಿದ್ದಾಗಲೂ ಕಾಣುತ್ತಿರಲಿಲ್ಲ, ಬರಿದಾದ ಮೇಲೂ ಕಾಣುತ್ತಿಲ್ಲ. ಕಾಣಬಾರದೆಂದೇ ನಿನ್ನನ್ನು ತೋಡಿದ್ದು, ನಿಜ. ಆದರೆ ಹಳೆಯ ಕಣಜ, ಕೊಟ್ಟಿಗೆ, ಉಗ್ರಾಣಗಳ ಚಿತ್ರ ತೆಗೆಯುವ ಹುಚ್ಚು ಹತ್ತಿಸಿಕೊಂಡ ಗೆಳೆಯನಿಗೆ ಇದನ್ನು ಹೇಳುವುದು ಹೇಗೆ? ಅವನು ಎರಡು ಕ್ಯಾಮೆರಾ, ಒಂದು ಮುಕ್ಕಾಲಿ ಸ್ಟ್ಯಾಂಡು ಹೊತ್ತು ಬಂದಿದ್ದ.

ನವಲಗುಂದ–ನರಗುಂದದ ನಡುವಿನ ಎರೆಸೀಮೆಗೆ ಹೊರಟೆವು. ಒಂದು ಊರಿನ ಅಗಸಿಯ ಮುಂದೆ ಬೈಕು ನಿಲ್ಲಿಸಿ, ಕಟ್ಟೆಯ ಮೇಲೆ ಕೂತಿದ್ದ ಹಿರಿಯರೊಬ್ಬರನ್ನು ಗೆಳೆಯ ಕೇಳಿದ, “ಅಜ್ಜಾರ, ಇಲ್ಲೆ ಹಳೇ ಹಗೇವು ಎಲ್ಲದಾವ್ರಿ?”

“ನೀ ನಿಂತದ್ದ ಅದರ ಮ್ಯಾಲ, ತಮ್ಮಾ.”

ಕೆಳಗೆ ನೋಡಿದರೆ ಸಿಮೆಂಟ್ ರಸ್ತೆ. ಅಜ್ಜಾರು ಎದ್ದು ಬಂದು, ಬಡಿಗೆಯಿಂದ ರಸ್ತೆಯನ್ನು ಕುಟ್ಟುತ್ತ ನಡೆದರು. ಇದು ಗೌಡರದು, ಇದು ಶಾನುಭೋಗರದು, ಇದು ಅಣ್ಣತಮ್ಮಂದಿರು ಬೇರೆಯಾದಾಗ ಪಾಲಿಗೆ ಬಂದದ್ದು, ಈ ಗಟಾರದ ಅಡಿ ಇರುವುದು ಗಾಣಿಗರದು. ಹನುಮಪ್ಪನ ಗುಡಿಯವರೆಗೂ ಹೀಗೇ. ಊರ ಮಂದಿಯೆಲ್ಲ ಓಡಾಡುವ ಬಯಲಿನಲ್ಲಿ, ಬೀಗವಿಲ್ಲದೆ, ಕಾವಲಿಲ್ಲದೆ, ಒಂದೊಂದು ಮನೆಯ ವರ್ಷದ ಊಟ ನೆಲದಡಿ ಇತ್ತು. ಯಾರದು ಎಲ್ಲಿದೆ ಎಂಬುದು ಊರಿಗೆಲ್ಲ ಗೊತ್ತಿತ್ತು. ಊರಿನ ಹೊರಗಿನವರಿಗೆ ಮಾತ್ರ ಗೊತ್ತಿರಲಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಲೆವಿ ಜೋಳ ವಸೂಲಿಗೆ ಸಾಹೇಬರು ಬಂದಾಗ ನಿನ್ನ ಬಾಯಿಯ ಮೇಲೆ ಎತ್ತು ಕಟ್ಟಿ ಮೇವು ಹಾಕಿದ್ದರೆಂದು ಅಜ್ಜಾರು ಅವರಪ್ಪನಿಂದ ಕೇಳಿದ ಕಥೆಯನ್ನು ಬಹಳ ಖುಷಿಯಿಂದ ಹೇಳಿದರು.

ನಿನ್ನನ್ನು ಊರೊಳಗೇ ಏಕೆ ತೋಡಿದರೆಂಬುದು ನನಗೆ ತಿಳಿದದ್ದು ಊರು ಕೂತ ದಿಬ್ಬವನ್ನು ಹತ್ತಿ ಇಳಿದಾಗ. ಎರೆಭೂಮಿ ಬೇಸಿಗೆಯಲ್ಲಿ ಕಾಲು ಸಿಗಿಬೀಳುವಷ್ಟು ಬಿರಿಯುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ಅಂಥ ನೆಲದಲ್ಲಿ ನೀನು ಬಾಳುವವನಲ್ಲ. ನಿನಗೆ ನೀರು ನಿಲ್ಲದ, ಗಟ್ಟಿ ಗರಸಿನ ದಿಬ್ಬವೇ ಬೇಕು. ಊರೂ ಅಂಥ ದಿಬ್ಬದ ಮೇಲೆಯೇ ಕೂತಿರುವುದರಿಂದ ನೀನು ಓಣಿಗೆ, ಪಡಸಾಲೆಗೆ, ದನದ ಕೊಟ್ಟಿಗೆಗೆ ಬಂದೆ. ಬಾಯಿ ಒಬ್ಬ ಮನುಷ್ಯ ತೂರುವಷ್ಟು, ಹೊಟ್ಟೆ ಕೊಡದ ಹಾಗೆ ಅಗಲ. ಆಳ ಒಂದಾಳು, ದೊಡ್ಡ ಮನೆಗಳಲ್ಲಿ ಎರಡಾಳು. ಒಳಗೆ ಕಸಕಡ್ಡಿ ಉರಿಸಿ ಗೋಡೆ ಒಣಗಿಸಿ, ತಳಕ್ಕೂ ಸುತ್ತಲೂ ಕಣಿಕೆ, ಹುಲ್ಲು ಒತ್ತಿ, ಚೀಲಗಟ್ಟಲೆ ಬಿಳಿಜೋಳ ಸುರಿಯುತ್ತಿದ್ದರು. ಮೇಲೆ ಹೊಟ್ಟು, ಅದರ ಮೇಲೆ ಹಾಸುಗಲ್ಲು, ಸಂದಿಗೆ ಕೆಸರು. ಆಮೇಲೆ ಮಣ್ಣು ಬಡಿದು ಸೆಗಣಿ ಸಾರಿಸಿದರೆ ವರ್ಷ ಎರಡು ವರ್ಷ ಆ ಕಡೆ ನೋಡುವಂತಿರಲಿಲ್ಲ. ಬೀಜದ ಜೋಳವನ್ನು ಮಾತ್ರ ಯಾರೂ ನಿನಗೆ ಕೊಡುತ್ತಿರಲಿಲ್ಲ. ನಿನ್ನೊಳಗಿದ್ದ ಕಾಳು ರೊಟ್ಟಿಯಾದೀತು, ಮೊಳಕೆಯಾಗದು.

ಕಾರಣ ಸರಳ. ಮುಚ್ಚಿದ ಮೇಲೂ ಕಾಳು ಉಸಿರಾಡುತ್ತದೆ, ಕಾಳಿನೊಳಗಿನ ಹುಳುವೂ ಉಸಿರಾಡುತ್ತದೆ. ಇದ್ದಬದ್ದ ಆಮ್ಲಜನಕ ತೀರಿ ಇಂಗಾಲದ ಡೈಆಕ್ಸೈಡ್ ತುಂಬಿಕೊಂಡಾಗ ಹುಳು ಸಾಯುತ್ತದೆ, ಜೋಳ ಉಳಿಯುತ್ತದೆ. ಈಗ ಇದೇ ತತ್ವದ ಗಾಳಿಯಾಡದ ಪ್ಲಾಸ್ಟಿಕ್ ಚೀಲಗಳನ್ನು ಹೊಸ ತಂತ್ರಜ್ಞಾನವೆಂದು ಮಾರುತ್ತಾರೆ. ಮಾರಲಿ, ಒಳ್ಳೆಯ ಚೀಲಗಳೇ. ಆದರೆ ಹುಳುವನ್ನು ಕೊಂದ ಗಾಳಿ ಮನುಷ್ಯನನ್ನೂ ಬಿಡುವುದಿಲ್ಲ. ಅದಕ್ಕೇ ಕಲ್ಲು ಸರಿಸಿದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಬಾಯಿ ತೆರೆದಿಟ್ಟು ಗಾಳಿಯಾಡಲು ಬಿಟ್ಟು, ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುತ್ತಿದ್ದರು. ದೀಪ ಆರಿದರೆ ಮತ್ತೆ ಕಾಯುವುದು.

ಹಾಳು ವಾಡೆಯೊಂದರ ಹಿತ್ತಲಿನಲ್ಲಿ ಕಡೆಗೂ ನಿನ್ನ ಬಾಯಿಯೊಂದು ಸಿಕ್ಕಿತು. ಹಾಸುಗಲ್ಲು ಅರ್ಧ ಸರಿದಿತ್ತು, ಸುತ್ತ ಜಾಲಿ ಬೆಳೆದಿತ್ತು. ಗೆಳೆಯ ಶರಟಿನ ತೋಳು ಮಡಚಿ, ಮೊಬೈಲಿನ ಬೆಳಕು ಹಚ್ಚಿಕೊಂಡು ಇಳಿಯಲು ಸಜ್ಜಾದ. ನಮ್ಮ ಜೊತೆಗೇ ಬಂದಿದ್ದ ಅಜ್ಜಾರು ಬಡಿಗೆ ಅಡ್ಡ ಹಿಡಿದರು. “ಬ್ಯಾಟ್ರಿ ಸುಳ್ಳ ಹೇಳತೈತಿ. ಅದು ಗಾಳಿ ಇಲ್ಲದಲ್ಲೂ ಉರಿತೈತಿ.” ಇಂದಿಗೂ ಮ್ಯಾನ್‌ಹೋಲಿಗೆ ಇಳಿದವರು ಹೊಲಸು ಗಾಳಿಗೆ ಸತ್ತ ಸುದ್ದಿ ಪತ್ರಿಕೆಯಲ್ಲಿ ಬರುತ್ತಲೇ ಇದೆ. ಮಲಹೊರುವ ಪದ್ಧತಿ ನಿಷೇಧದ ಕಾಯ್ದೆ 2013ರಲ್ಲೇ ಬಂದಿದೆ. ನಿನ್ನ ಕಾಲದ ರೈತ ತನ್ನ ಜೋಳಕ್ಕಾಗಿ ಇಳಿಸಿದ ದೀಪವನ್ನು ನಮ್ಮ ನಗರಗಳು ಮನುಷ್ಯರಿಗಾಗಿಯೂ ಇಳಿಸುವುದಿಲ್ಲ.

ಗೆಳೆಯ ಇಳಿಯಲಿಲ್ಲ. ಸೇದುವ ಹಗ್ಗಕ್ಕೆ ಮೊಬೈಲನ್ನೇ ಕಟ್ಟಿ, ವಿಡಿಯೊ ಹಚ್ಚಿ ಬಿಟ್ಟ. ಹಗ್ಗ ತಿರುಗಿದಂತೆಲ್ಲ ಚಿತ್ರವೂ ತಿರುಗಿತ್ತು, ಆದರೂ ನೋಡುವುದಕ್ಕೆ ಬೇಕಾದಷ್ಟಿತ್ತು. ಗೋಡೆಯ ತುಂಬ ಓರೆ ಓರೆಯಾಗಿ ಹಾರೆಯ ಗೆರೆಗಳು, ಎಲ್ಲ ಒಂದೇ ಕಡೆಗೆ ವಾಲಿದ್ದವು. ತೋಡಿದವನು ಎಡಗೈಯವನಿದ್ದನೋ ಏನೋ. ಎದುರುಬದುರಾಗಿ ಕಾಲಿಡುವ ಗೂಡುಗಳು. ಒಂದು ಎತ್ತರದವರೆಗೆ ಗೋಡೆ ಕಪ್ಪಗೆ, ಅದರ ಮೇಲೆ ಮಣ್ಣಿನದೇ ಬಣ್ಣ. ಕೊನೆಯ ಸಲ ಜೋಳ ಎಲ್ಲಿಯವರೆಗೆ ತುಂಬಿತ್ತೆಂದು ಅಲ್ಲೇ ಗೆರೆ ಎಳೆದಿತ್ತು. ತಳದಲ್ಲಿ ಗುಟ್ಕಾ ಚೀಟಿ, ಹರಿದ ಚಪ್ಪಲಿ, ಹಾಲಿನ ಪ್ಯಾಕೆಟ್ಟು.

ಆ ಕಪ್ಪು ಗೋಡೆಯ ವಿಚಾರ ತೆಗೆದವಳು ವಾಡೆಯ ಪಕ್ಕದ ಮನೆಯ ಆಯಿ. ಗೋಡೆಗೆ ತಾಗಿದ ಜೋಳ ಬಣ್ಣಗೆಟ್ಟು ಮುಗ್ಗಲು ವಾಸನೆ ಬರುತ್ತದೆ, ನಡುವಿನದು ಮುತ್ತಿನಂತೆ ಉಳಿಯುತ್ತದೆ. “ಗ್ವಾಡಿ ಬಾಜೂಕಿನ ಜ್ವಾಳ ಕೂಲಿಗೆ ಬಂದ ನಮಗ, ನಡುವಿನ ಜ್ವಾಳ ಅವರಿಗೆ,” ಎಂದಳು. ಅವಳ ಮನೆಗೆ ಹಗೇವು ಇರಲೇ ಇಲ್ಲ. ತುಂಬಲು ಹೊಲ ಬೇಕಲ್ಲ.

ಆಯಿಯ ಮಾತು ಕೇಳಿದ ಮೇಲೆ ನಿನ್ನನ್ನು ಬರೀ ಹೊಗಳಿ ಬರೆಯುವುದು ನನ್ನಿಂದಾಗದು. 1876–78ರ ಧಾತು, ಈಶ್ವರ ಸಂವತ್ಸರಗಳ ಬರ ಈ ಸೀಮೆಯನ್ನು ಹಿಂಡಿ ಹಾಕಿತು. ಬರ ಬಂದಾಗ ಹಗೇವು ತೆರೆದು ಊರಿಗೆ ಅಂಬಲಿ ಕಾಸಿದವರ ಕಥೆಯೂ, ಧಾರಣೆ ಇನ್ನೂ ಏರಲೆಂದು ಕಲ್ಲು ಸರಿಸದೆ ಕೂತವರ ಕಥೆಯೂ ಒಂದೇ ಊರಿನಲ್ಲಿ ಸಿಗುತ್ತವೆ. ಎರಡೂ ನಿನ್ನ ಕಥೆಗಳೇ.

ನೀನು ಹೋದದ್ದು ಒಂದೇ ಪೆಟ್ಟಿಗಲ್ಲ. 1964ರಲ್ಲಿ ಸಿಎಸ್‌ಎಚ್-1 ಎಂಬ ಹೈಬ್ರಿಡ್ ಜೋಳ ಬಂತು. ಅದರ ರೊಟ್ಟಿ ಬಾಯಿಗೆ ಹತ್ತಲಿಲ್ಲ, ಮಾರುವುದಕ್ಕೆಂದೇ ಬೆಳೆದರು. ಮರುವರ್ಷ ಭಾರತೀಯ ಆಹಾರ ನಿಗಮ ಹುಟ್ಟಿತು, ಕಾಳು ಇಡುವ ಕೆಲಸ ಸರ್ಕಾರಿ ಗೋದಾಮಿಗೆ ಹೋಯಿತು. ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿ ಕಾಲುವೆ ಬಿಟ್ಟರು. ನೀರು ಹರಿದ ಕಡೆ ನೆಲದೊಳಗೆ ತೇವ ಏರಿತು, ನಿನ್ನ ಗೋಡೆ ಬೆವರಿತು. ಆ ನೀರಿನ ಕರದ ಸಿಟ್ಟಿನಲ್ಲೇ 1980ರ ಜುಲೈನಲ್ಲಿ ನರಗುಂದ, ನವಲಗುಂದಗಳಲ್ಲಿ ರೈತರು ಎದ್ದರು, ಗೋಲಿಬಾರಿನಲ್ಲಿ ಸತ್ತರು. ಆ ಹೊತ್ತಿಗೆ ನಿನ್ನ ಮೇಲಿನ ಕಲ್ಲನ್ನು ಕಿತ್ತು ಬಟ್ಟೆ ಒಗೆಯುವ ಬಂಡೆ ಮಾಡಿಕೊಂಡಿದ್ದರು. ಈಗ ಹೊಲದಲ್ಲಿ ಹೆಸರು, ಕಡಲೆ, ಹತ್ತಿ, ಗೋವಿನಜೋಳ. ರಾಶಿಯಾದ ವಾರದೊಳಗೆ ಎಲ್ಲವೂ ಲಾರಿ ಹತ್ತುತ್ತದೆ. ರೈತ ತನ್ನ ಮನೆಯ ಜೋಳವನ್ನು ಕಿರಾಣಿ ಅಂಗಡಿಯಿಂದ ತರುತ್ತಾನೆ. ನೀನಿಲ್ಲದ್ದಕ್ಕೆ ನನಗೆ ನಿಜವಾಗಿ ನೋವಾಗುವುದು ಇಲ್ಲಿ: ಬೆಳೆದವನ ಮನೆಯಲ್ಲೇ ಮುಂದಿನ ವರ್ಷದ ಊಟ ಇಲ್ಲ.

ಆಯಿಗೆ ಮಾತ್ರ ನೋವಿಲ್ಲ. 2013ರಲ್ಲಿ ಅನ್ನಭಾಗ್ಯ ಬಂದಂದಿನಿಂದ ಪಡಿತರ ಅಕ್ಕಿ ಉಣ್ಣುತ್ತಾಳೆ. ಜೋಳದ ಸೀಮೆಗೆ ಅಕ್ಕಿ ಏಕೆಂದು ನಾವು ಪೇಟೆಯವರು ವಾದಿಸುತ್ತೇವೆ, ಆ ವಾದ ತಪ್ಪೂ ಅಲ್ಲ. ಆದರೆ ಅವಳು ಹೇಳಿದ್ದು: “ಮಂದಿ ಮನಿ ಬಾಗಲಕ್ಕ ಹೋಗಿ ನಿಂದ್ರೂದು ತಪ್ಪೈತಿ.” ಮುಗ್ಗಲು ಜೋಳ ತಿಂದವರ ತೀರ್ಪು ಅದು. ಅದರ ಎದುರು ನನ್ನ ನೋವು ಚಿಕ್ಕದು.

ಆದ್ದರಿಂದ ಮರಳಿ ಬಾ ಎಂದು ನಾನು ಕರೆಯುವುದಿಲ್ಲ. ಈ ಪತ್ರವನ್ನು ನಿನ್ನ ಹೆಸರಿಗೆ ಬರೆದರೂ ಓದುವವರು ಬೇರೆ ಎಂದು ಗೊತ್ತಿದೆ, ಅವರಿಗೊಂದು ಮಾತು. ಮನೆ ಕಟ್ಟಲು ಪಾಯ ತೋಡುವಾಗ, ಓಣಿಗೆ ರಸ್ತೆ ಮಾಡುವಾಗ ಹಗೇವು ಸಿಕ್ಕರೆ ಆ ದಿನವೇ ಮಣ್ಣು ತುಂಬಬೇಡಿ. ಯಾರದು, ಎಷ್ಟು ಚೀಲ ಹಿಡಿಯುತ್ತಿತ್ತು, ಕೊನೆಗೆ ಯಾವಾಗ ತೆರೆದದ್ದು ಎಂದು ಮನೆಯ ಹಿರಿಯರನ್ನು ಕೇಳಿ ಬರೆದಿಡಿ. ಗೋಡೆಯ ಜೋಳ ಯಾರಿಗೆ ಹೋಗುತ್ತಿತ್ತೆಂಬುದನ್ನೂ ಬರೆಯಿರಿ. ಬಾಯಿಯ ಅಳತೆ ತೆಗೆದು, ಮೇಲಿನಿಂದಲೇ ಫೋಟೊ ಹಿಡಿಯಿರಿ. ಒಳಗೆ ಮಾತ್ರ ಇಳಿಯಬೇಡಿ, ಕೈಯಲ್ಲಿ ಎಂಥ ದುಬಾರಿ ಬ್ಯಾಟರಿ ಇದ್ದರೂ.