ಸೋಮವಾರದ ಗುಳಿಗೆ

ಕನ್ನಡದ ಅಧ್ಯಾಪಕನಾದ ನನಗೂ ರಸಾಯನಶಾಸ್ತ್ರಕ್ಕೂ ಎಣ್ಣೆ ಸೀಗೆಕಾಯಿಯ ನಂಟು. ಆದರೂ ಔಷಧಗಳ ಸಂಶೋಧನೆಯಲ್ಲಿ ಬಾಳು ಸವೆಸಿದ ಒಬ್ಬರ ಹೆಸರನ್ನು ಈಚೆಗೆ ವಾರಕ್ಕೊಮ್ಮೆಯಾದರೂ ನೆನೆಯುತ್ತೇನೆ. ಅದಕ್ಕೆ ಕಾರಣ ನಮ್ಮ ಅವ್ವ.

ಅವ್ವ ಇರುವುದು ಕಂಪ್ಲಿಯಲ್ಲಿ. ಸಂಧಿವಾತಕ್ಕಾಗಿ ಆಕೆ ಸೋಮವಾರ ಒಂದು ದಿನ ಮಾತ್ರ ಮೆಥೊಟ್ರೆಕ್ಸೇಟ್ ನುಂಗಬೇಕು. ಉಳಿದ ಆರು ದಿನ ಫೋಲಿಕ್ ಆಮ್ಲ. ಅಳಗುಳಿಮಣೆಯ ಹಾಗೆ ಏಳು ಗುಳಿಗಳಿರುವ ಡಬ್ಬಿಯೊಂದನ್ನು ಕೊಂಡು ತಂದಿದ್ದೇನೆ. ಪ್ರತಿ ಭಾನುವಾರ ಹೊಸಪೇಟೆಯಿಂದ ಹೋಗಿ ಅದನ್ನು ತುಂಬಿಟ್ಟು ಬರುವುದು ನನ್ನ ಕೆಲಸ. ಎರಡು ಗುಳಿಗೆಗಳೂ ಹಳದಿ, ಎರಡೂ ಚಿಕ್ಕವು. ಒಂದು ಭಾನುವಾರ ಉತ್ತರಪತ್ರಿಕೆಗಳ ಚಿಂತೆಯಲ್ಲಿ ಏಳು ಗುಳಿಗಳಿಗೂ ಸೋಮವಾರದ ಗುಳಿಗೆಯನ್ನೇ ತುಂಬಿ ಬಂದೆ. ಮಂಗಳವಾರ ಬೆಳಗ್ಗೆ ಫೋನು ಬಂತು: “ತಮ್ಮಾ, ಸೋಮವಾರದ್ದು ಇವತ್ತೂ ಯಾಕ ಬಂತು? ಇದು ಸಣ್ಣದೈತಲ್ಲ!”

ವೈದ್ಯರಿಗೆ ತಿಳಿಸಿದಾಗ ಅವರ ಮುಖ ಗಂಭೀರವಾಯಿತು. ವಾರದ ಈ ಔಷಧವನ್ನು ದಿನವೂ ನುಂಗಿ ಪ್ರಾಣ ಕಳೆದುಕೊಂಡವರುಂಟಂತೆ. ಅಂದು ರಾತ್ರಿ ನಿದ್ದೆ ಬಾರದೆ ಈ ಎರಡು ಗುಳಿಗೆಗಳ ಪೂರ್ವೋತ್ತರವನ್ನು ಹುಡುಕುತ್ತ ಕುಳಿತೆ.

ಎರಡರ ಹಿಂದೆಯೂ ಇದ್ದವರು ಒಬ್ಬರೇ: ೧೮೯೫ರಲ್ಲಿ ಭೀಮಾವರದಲ್ಲಿ ಜನಿಸಿದ ಯಲ್ಲಾಪ್ರಗಡ ಸುಬ್ಬರಾವ್. ಆಗ ಅವರ ಊರೂ ನಮ್ಮ ಹೊಸಪೇಟೆ, ಕಂಪ್ಲಿಗಳೂ ಒಂದೇ ಮದರಾಸು ಪ್ರಾಂತ್ಯದಲ್ಲಿದ್ದವು. ಸೋದರನೊಬ್ಬ ಸಂಗ್ರಹಣಿಯಿಂದ ತೀರಿಕೊಂಡ ದುಃಖವನ್ನು ಹೊತ್ತು, ಮದರಾಸಿನಲ್ಲಿ ವೈದ್ಯಕೀಯ ಓದಿ, ಅವರು ೧೯೨೩ರಲ್ಲಿ ಅಮೆರಿಕೆಗೆ ಹೋದರು. ೧೯೪೦ರಲ್ಲಿ ಲೆಡರ್ಲಿ ಪ್ರಯೋಗಶಾಲೆಯನ್ನು ಸೇರಿ ಅಲ್ಲಿಯ ಸಂಶೋಧನೆಗಳ ನಿರ್ದೇಶಕರಾದರು.

ಫೋಲಿಕ್ ಆಮ್ಲ ಆಗ ದುರ್ಲಭ ವಸ್ತು. ೧೯೪೧ರಲ್ಲಿ ಟೆಕ್ಸಾಸಿನ ವಿಜ್ಞಾನಿಗಳು ನಾಲ್ಕು ಟನ್ ಪಾಲಕ್ ಸೊಪ್ಪನ್ನು ಸಂಸ್ಕರಿಸಿ ಅದರ ಅತ್ಯಲ್ಪಾಂಶವನ್ನು ಪಡೆದಿದ್ದರು. ಸುಬ್ಬರಾಯರ ತಂಡವಾದರೋ, ಮೂರು ಸರಳ ದ್ರವ್ಯಗಳನ್ನು ಪಾತ್ರೆಯಲ್ಲಿ ಕೂಡಿಸಿ ಅದನ್ನೇ ಕಟ್ಟಿತು. ೧೯೪೫ರಲ್ಲಿ ಅದು ಲೋಕಕ್ಕೆ ತಿಳಿಯಿತು. ಸಂಗ್ರಹಣಿಯ ರೋಗಿಗಳಿಗೆ ಈ ಔಷಧ ಸಂಜೀವಿನಿಯಾಯಿತು. ಅವರ ಸೋದರನಿಗೆ ಮಾತ್ರ ಅದು ಬಹಳ ತಡವಾಗಿ ಬಂದಿತ್ತು.

ಕಟ್ಟಲು ಬಲ್ಲವನು ತಿದ್ದಲೂ ಬಲ್ಲ. ಆ ಅಣುವಿನಲ್ಲಿ ಆಮ್ಲಜನಕವಿದ್ದ ಒಂದೆಡೆ ಸಾರಜನಕವನ್ನು ಕೂರಿಸಿದಾಗ ಅಮಿನೋಪ್ಟೆರಿನ್ ಹುಟ್ಟಿತು. ಹಾಲು ಎಂಬಲ್ಲಿ ಒಂದಕ್ಷರ ತಿದ್ದಿದರೆ ಹಾಳು ಆಗುವುದಿಲ್ಲವೆ? ಜೀವಕೋಶ ಬೆಳೆಯಲು ಬೇಕಾದ ಫೋಲಿಕ್ ಆಮ್ಲದ ವೇಷ ತೊಟ್ಟು ಬಂದು, ಅದರ ಸ್ಥಾನದಲ್ಲಿ ಕುಳಿತು ಬೆಳವಣಿಗೆಯನ್ನೇ ತಡೆಯುವ ವಂಚಕ ಅದು. ಆದರೆ ಬೆಳೆಯಬಾರದ್ದು ಬೆಳೆಯುವಾಗ ಆ ವಂಚನೆಯೂ ಉಪಕಾರವೇ. ೧೯೪೮ರಲ್ಲಿ ಬೋಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್, ರಕ್ತದ ಕ್ಯಾನ್ಸರಿನಿಂದ ಸಾವಿನಂಚಿನಲ್ಲಿದ್ದ ೧೬ ಮಕ್ಕಳಲ್ಲಿ ೧೦ ಮಂದಿ ಇದರಿಂದ ಕೆಲಕಾಲ ಚೇತರಿಸಿಕೊಂಡುದನ್ನು ಪ್ರಕಟಿಸಿದರು. ಅದೇ ವರ್ಷ ಆಗಸ್ಟಿನಲ್ಲಿ, ೫೩ರ ವಯಸ್ಸಿನಲ್ಲಿ, ಸುಬ್ಬರಾವ್ ತೀರಿಕೊಂಡರು. ಅವ್ವನ ಮೆಥೊಟ್ರೆಕ್ಸೇಟ್ ಆ ಅಮಿನೋಪ್ಟೆರಿನ್ನಿನ ಒಡಹುಟ್ಟು. ಸೋಮವಾರ ಅದು ಕಟ್ಟಿಹಾಕಿದ್ದನ್ನು ಫೋಲಿಕ್ ಆಮ್ಲ ವಾರವಿಡೀ ಹದವಾಗಿ ಸಡಿಲಿಸುತ್ತದೆ.

ಈಗ ಸೋಮವಾರದ ಗುಳಿಗೆಯನ್ನು ಬೇರೆಯೇ ಕೆಂಪು ಭರಣಿಯಲ್ಲಿ ಇಡುತ್ತೇನೆ. ತುಂಬಿದ ಮೇಲೆ ಎರಡು ಸಲ ಎಣಿಸುತ್ತೇನೆ. ಈ ಕಥೆಯನ್ನೆಲ್ಲ ಹೇಳಿದಾಗ ಅವ್ವ ತನ್ನ ಸೊಟ್ಟ ಬೆರಳುಗಳನ್ನು ನೀವಿಕೊಳ್ಳುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಬಳಿಕ ಅಂದಳು:

“ಪಾಪ, ಒಡಹುಟ್ಟಿದವಗ ಸಿಗಲಿಲ್ಲ. ನನಗ ಸಿಕ್ತು.”