ಮಧುರೆಯಿಂದ ಮುಂದೆಲ್ಲಿಗೆ?

ಬೇಸಗೆಯ ರಜದಲ್ಲಿ ಮನೆಮಂದಿಯೆಲ್ಲ ಮಧುರೆಗೆ ಹೋಗಿಬರುವುದೆಂದು ನಿಶ್ಚಯವಾಯಿತು. ಅಷ್ಟು ದೂರ ಹೋದಮೇಲೆ ಇನ್ನೊಂದು ಊರನ್ನೂ ನೋಡಿಬರಬೇಡವೆ? ವಾದ ಹುಟ್ಟಿದುದು ಅಲ್ಲಿ.

ನಾವು ತಂಜಾವೂರಿನ ಪಕ್ಷ. ರಾಜರಾಜ ಚೋಳನು 1010ರಲ್ಲಿ ಮುಗಿಸಿದ ಬೃಹದೀಶ್ವರಾಲಯವು ಒಂದು ಕಾರಣ; ಸರಸ್ವತೀ ಮಹಲ್ ಗ್ರಂಥಾಲಯವು ಅದಕ್ಕಿಂತಲೂ ಬಲವಾದ ಕಾರಣ. ಎರಡನೆಯ ಸರಫೋಜಿಯು ಕಾಶೀಯಾತ್ರೆಯ ಕಾಲದಲ್ಲಿ ಸಂಗ್ರಹಿಸಿದ ಸಂಸ್ಕೃತ ಗ್ರಂಥಗಳು ಅಲ್ಲಿವೆ.

ಮೊಮ್ಮಕ್ಕಳದು ರಾಮೇಶ್ವರ. 2025ರಲ್ಲಿ ತೆರೆದ ಪಾಂಬನ್ ಸೇತುವೆಯ ನಡುಭಾಗವು ಹಡಗಿಗೆ ದಾರಿಬಿಡಲು ನೆಟ್ಟಗೆ ಮೇಲೇರುವುದಂತೆ. ಚಿತ್ರದಲ್ಲಿ ನೋಡಿದರೆ ಸಾಲದೆ ಎಂದೆವು, ತುಸು ಕಟುವಾಗಿಯೇ. "ತಾತ, ಆ ಓಲೆಗರಿಗಳನ್ನು ನಿಮಗೆ ಮುಟ್ಟಗೊಡುವರೇನು?" ಎಂದನು ಹಿರಿಯ ಮೊಮ್ಮಗ. ಉತ್ತರ ಹೊಳೆಯಲಿಲ್ಲ.

ನಮ್ಮ ಮನೆಯಾಕೆ ಮಾತ್ರ ಯಾವ ಪಕ್ಷವನ್ನೂ ಹಿಡಿಯಲಿಲ್ಲ. ಮರುದಿನ ಪೂಜೆಗೆ ಕುಳಿತಾಗ, ಗೂಡಿನ ಮೂಲೆಯಲ್ಲಿ ಕಿಲುಬು ಹಿಡಿದಿದ್ದ ಗಂಗೆಯ ಥಾಲಿಯು ಹುಣಿಸೆಹಣ್ಣಿನಲ್ಲಿ ಬೆಳಗಿಸಿಕೊಂಡು ದೇವರ ಮುಂದೆಯೇ ಇದ್ದಿತು. 1994ರಲ್ಲಿ ನಮ್ಮ ತಾಯಿಯವರು ಕಾಶಿಯಿಂದ ತಂದದ್ದು. ಗಂಗೆಯನ್ನು ರಾಮನಾಥನಿಗೆ ಅಭಿಷೇಕ ಮಾಡಿಸಿದಲ್ಲದೆ ಕಾಶೀಯಾತ್ರೆ ಪೂರ್ಣವಾಗದೆಂಬುದು ಹಿರಿಯರ ನಂಬಿಕೆ. ಬರುವ ರಜದಲ್ಲಿ ಕರೆದೊಯ್ಯುತ್ತೇವೆ ಎಂದು ಎಷ್ಟು ವರ್ಷ ಹೇಳಿದೆವೋ! ಶಾಲೆಯಲ್ಲಿ ಒಂದಲ್ಲ ಒಂದು ಕೆಲಸ. 2003ರಲ್ಲಿ ಅವರು ತೀರಿಕೊಂಡರು. ಆಮೇಲೆ ಆ ಥಾಲಿಯ ಕಡೆಗೆ ನಾವು ನೋಡಿದ್ದೇ ಕಡಮೆ.

ಆ ಸಂಜೆಯೇ ರಾಮೇಶ್ವರಕ್ಕೆ ಟಿಕೀಟು ತೆಗೆಸಿದೆವು. ಮೊಮ್ಮಕ್ಕಳು ತಾವೇ ಗೆದ್ದೆವೆಂದು ಕುಣಿದರು. ಥಾಲಿಯ ಬಾಯಿಯ ಬೆಸುಗೆಯನ್ನು ಅಲ್ಲಿ ಯಾರಿಂದ ಬಿಡಿಸುವುದೆಂಬ ಚರ್ಚೆ ಈಗ ಮನೆಯಲ್ಲಿ ನಡೆದಿದೆ.