ಗಾರ್ಬಟೆಲ್ಲಾದ ಅಂಗಳದಲ್ಲಿ ಈಗ ಯಾರೂ ಬಟ್ಟೆ ಒಣಗಿಸುವುದಿಲ್ಲ

ರೋಮಿಗೆ ಹೋಗಿಬಂದವರೆಲ್ಲ ಕೊಲೋಸಿಯಂ ನೋಡಿರುತ್ತಾರೆ, ಟ್ರೆವಿ ಕಾರಂಜಿಗೆ ಕಾಸು ಎಸೆದಿರುತ್ತಾರೆ. ಗಾರ್ಬಟೆಲ್ಲಾಕ್ಕೆ ಹೋಗಿದ್ದಿರಾ ಎಂದರೆ ಮಾತ್ರ ಮುಖಮುಖ ನೋಡುತ್ತಾರೆ. ಕೊಲೋಸಿಯಂ ಎದುರೇ ಮೆಟ್ರೊ ಹತ್ತಿದರೆ ಮೂರನೇ ನಿಲ್ದಾಣ. ಆದರೂ ತೊಂಬತ್ತರ ದಶಕದ ಕೊನೆಯಲ್ಲಿ ಓದಲು ಹೋದ ನಾನು ಅಲ್ಲಿ ಕೋಣೆ ಹಿಡಿದಾಗ ರೋಮಿನ ಗೆಳೆಯರೇ ‘ಅಷ್ಟು ದೂರಾನಾ?’ ಎಂದು ಹುಬ್ಬೇರಿಸಿದ್ದರು. ಕೂಲಿಯವರು, ರೈಲ್ವೆಯವರು, ಓಸ್ತಿಯೆನ್ಸೆ ರಸ್ತೆಯ ಸಗಟು ಮಾರುಕಟ್ಟೆಯಲ್ಲಿ ಹಣ್ಣು-ತರಕಾರಿಯ ಮೂಟೆ ಹೊರುವವರು ಇದ್ದ ಕೇರಿ ಅದು. ನನಗೋ ಬಾಡಿಗೆ ಅಗ್ಗವಾಗಿದ್ದರೆ ಸಾಕಿತ್ತು.

ಅಲ್ಲಿ ಬೀದಿಗಿಂತ ಅಂಗಳವೇ ಮುಖ್ಯ. ಕೇರಿಯನ್ನು ‘ಲೊತ್ತೊ’ ಎಂಬ ತುಂಡುಗಳಾಗಿ ಹಂಚಿ, ಒಂದೊಂದರಲ್ಲೂ ಕೆಲವು ಅಂತಸ್ತಿನ ಮನೆಗಳನ್ನು ಸುತ್ತ ಕಟ್ಟಿ, ನಡುವೆ ಎಲ್ಲರಿಗೂ ಸೇರಿದ ಜಾಗ ಬಿಟ್ಟಿದ್ದಾರೆ. ಹಳೇ ಬೆಂಗಳೂರಿನ ವಠಾರ ಕಂಡವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಆ ಜಾಗದ ಮಧ್ಯೆ ಸಾಲಾಗಿ ಕಬ್ಬಿಣದ ಕಂಬಗಳು, ಕಂಬದಿಂದ ಕಂಬಕ್ಕೆ ತಂತಿ. ಬೆಳಗಾದರೆ ಹೆಂಗಸರು ಏಪ್ರನ್ನಿನ ಜೇಬಿನ ತುಂಬ ಕ್ಲಿಪ್ಪು ತುಂಬಿಕೊಂಡು ಇಳಿದು ಬರುತ್ತಿದ್ದರು. ಯಾವ ತಂತಿ ಯಾರದೆಂದು ಎಲ್ಲೂ ಬರೆದಿರಲಿಲ್ಲ, ಆದರೆ ಪಕ್ಕದವಳ ತಂತಿಗೆ ಕೈಹಾಕುವ ಧೈರ್ಯ ಯಾರಿಗೂ ಇರಲಿಲ್ಲ. ಯಾರ ಮನೆಯಲ್ಲಿ ಕೂಸು ಹುಟ್ಟಿದೆ, ಯಾರ ಮಗ ಕಡ್ಡಾಯ ಸೈನ್ಯದ ಕೆಲಸ ಮುಗಿಸಿ ಬಂದಿದ್ದಾನೆ, ಎಲ್ಲ ತಂತಿ ನೋಡಿದರೆ ಗೊತ್ತಾಗುತ್ತಿತ್ತು. 2001ರ ಜೂನ್‌ನಲ್ಲಿ ರೋಮಾ ಫುಟ್ಬಾಲ್ ತಂಡ ಲೀಗ್ ಗೆದ್ದಾಗ ಚಾದರ, ಅಂಗಿಗಳನ್ನೆಲ್ಲ ಪಕ್ಕಕ್ಕೆ ಸರಿಸಿ ಹಳದಿ-ಕೆಂಪು ಬಾವುಟ ಹಾಕಿದ್ದರು. ವಾರಗಟ್ಟಲೆ ಅವನ್ನು ಇಳಿಸಲಿಲ್ಲ.

ಮಳೆ ಹನಿಯಿತೋ, ನನ್ನ ಮನೆಯೊಡತಿ ಅಜ್ಜಿ ಕಿಟಕಿಯಿಂದ ತಲೆ ಹೊರಹಾಕಿ ಕೂಗುತ್ತಿದ್ದಳು: “ಏ ಮಗಾ, ಏನ್ ಓದ್ತಾ ಕೂತಿದ್ದೀಯ, ಬಟ್ಟೆ ತೆಗಿ!” ಯಾರ ಬಟ್ಟೆ ಎಂದು ಕೇಳುವಂತಿರಲಿಲ್ಲ. ಮನೆಯಲ್ಲಿ ಇದ್ದವರೆಲ್ಲ ಓಡಿಬಂದು ಕೈಗೆ ಸಿಕ್ಕಿದ್ದನ್ನು ಬಾಚಿ ಮೆಟ್ಟಿಲ ಕೆಳಗೆ ರಾಶಿ ಹಾಕುವುದು. ಸಂಜೆ ಹೊತ್ತಿಗೆ ಯಾರೋ ಮಡಚಿ ನಮ್ಮ ನಮ್ಮ ಬಾಗಿಲಲ್ಲಿ ಇಟ್ಟು ಹೋಗಿರುತ್ತಿದ್ದರು. ಅಂಗಿಯ ಗುಂಡಿ ಸಡಿಲಾಗಿದ್ದರೆ ಹೊಲಿದೂ ಇರುತ್ತಿದ್ದರು, ಜೊತೆಗೆ ಅದನ್ನು ಊರಿಗೆಲ್ಲ ಹೇಳಿಯೂ ಇರುತ್ತಿದ್ದರು. ಆ ವಯಸ್ಸಿನಲ್ಲಿ ನನಗೆ ಇದು ಕಿರಿಕಿರಿ. ರಾತ್ರಿ ತಡವಾಗಿ ಬಂದರೆ ಮರುದಿನ ಅಂಗಳವೇ ವಿಚಾರಣೆಗೆ ನಿಲ್ಲುತ್ತಿತ್ತು.

ಈ ಕೇರಿಗೆ ಅಡಿಗಲ್ಲು ಬಿದ್ದದ್ದು 1920ರ ಫೆಬ್ರವರಿ 18ರಂದು. ಇಟ್ಟವನು ರಾಜ ಮೂರನೇ ವಿಕ್ಟರ್ ಇಮ್ಯಾನುಯೆಲ್. ಸಮುದ್ರದಿಂದ ರೋಮಿನವರೆಗೆ ಕಾಲುವೆ ತೋಡಿ ಬಂದರು ಮಾಡುತ್ತೇವೆ, ಅದರ ಕೆಲಸಗಾರರಿಗೆ ಮನೆ ಬೇಕು ಎಂಬುದು ಆಗಿನ ಲೆಕ್ಕ. ಕಾಲುವೆ ಬರಲೇ ಇಲ್ಲ, ಮನೆಗಳು ಎದ್ದವು. ಕೆಲಸಗಾರರಿಗೆ ಇಷ್ಟು ಸಾಕು ಎಂದು ಪೆಟ್ಟಿಗೆ ಕಟ್ಟಿ ಕೈತೊಳೆದುಕೊಳ್ಳದೆ, ಗುಸ್ತಾವೊ ಜೊವನ್ನೋನಿ, ಇನ್ನೊಚೆಂಜೊ ಸಬ್ಬತೀನಿಯಂಥ ವಾಸ್ತುಶಿಲ್ಪಿಗಳು ಕಮಾನು, ಹೊರಮೆಟ್ಟಿಲು, ಕಿಟಕಿಯ ಮೇಲೆ ಅಲಂಕಾರ, ತರಕಾರಿ ಬೆಳೆದುಕೊಳ್ಳಲು ನೆಲ, ಎಲ್ಲವನ್ನೂ ಕೊಟ್ಟರು. ಇದನ್ನು ನೆನೆದಾಗಲೆಲ್ಲ ನಮ್ಮ ಕಾಲದ ‘ಕಡಿಮೆ ವೆಚ್ಚದ ವಸತಿ’ಗಳ ಕಾಂಕ್ರೀಟ್ ಮುಖ ಕಣ್ಣಮುಂದೆ ಬಂದು ಹೊಟ್ಟೆ ಉರಿಯುತ್ತದೆ.

ಎಲ್ಲವೂ ಚಂದವಿತ್ತೆಂದಲ್ಲ. ಮುಸೊಲಿನಿ ತನ್ನ ಮೆರವಣಿಗೆಯ ರಸ್ತೆಗಳಿಗಾಗಿ ರೋಮಿನ ನಡುವಿನ ಬಡವರ ಓಣಿಗಳನ್ನು ಕೆಡವಿಸಿದಾಗ, ಎತ್ತಂಗಡಿಯಾದವರಲ್ಲಿ ಅನೇಕರನ್ನು ತಂದು ತುಂಬಿದ್ದು ಇಲ್ಲಿಯೇ. ಅವರಿಗಾಗಿ ಸಬ್ಬತೀನಿ ಕಟ್ಟಿದ ‘ಹೋಟೆಲು’ಗಳಲ್ಲಿ ಕೆಂಪು ಬಣ್ಣದ್ದು ಗಡಿಯಾರ ಹೊತ್ತು ಇಂದಿಗೂ ನಿಂತಿದೆ. 1931ರ ಡಿಸೆಂಬರಿನಲ್ಲಿ ದುಂಡುಮೇಜಿನ ಸಭೆ ಮುಗಿಸಿ ರೋಮಿಗೆ ಬಂದ ಗಾಂಧೀಜಿ ಇಲ್ಲಿನ ಶಿಶುವಿಹಾರ ನೋಡಿಹೋಗಿದ್ದರು. ನಾನು ಭಾರತದವನೆಂದು ತಿಳಿದ ಮುದುಕರೆಲ್ಲ ಮೊದಲು ಹೇಳುತ್ತಿದ್ದದ್ದು ಅದನ್ನೇ, ತಾವೇ ಬಾಗಿಲಲ್ಲಿ ನಿಂತು ಬರಮಾಡಿಕೊಂಡವರ ಗತ್ತಿನಲ್ಲಿ.

ಆಮೇಲೆ ಕೇರಿ ಬದಲಾಗತೊಡಗಿತು. ಮೊದಲು ಹೋದದ್ದು ಓಸ್ತಿಯೆನ್ಸೆ ರಸ್ತೆಯ ಮಾರುಕಟ್ಟೆ. 2002ರಲ್ಲಿ ಅದನ್ನು ಊರಾಚೆಯ ಗ್ವಿದೋನಿಯಾಕ್ಕೆ ಸಾಗಿಸಿದರು. ಬೆಳಗಿನ ಜಾವದ ಗದ್ದಲ, ಮೂಟೆಯವರಿಗೆಂದೇ ಬೇಗ ತೆರೆಯುತ್ತಿದ್ದ ಕಾಫಿ ಅಂಗಡಿ ಎಲ್ಲ ಅದರೊಂದಿಗೇ ಹೋದವು. ಹಳೆಯ ಕಟ್ಟಡಗಳು ಎಷ್ಟೋ ವರ್ಷ ಹಾಳುಬಿದ್ದೇ ಇದ್ದವು. ಕೇರಿಗೆ ಹೆಸರು ಮಾತ್ರ ಬರತೊಡಗಿತ್ತು. 1993ರಲ್ಲೇ ನನ್ನಿ ಮೊರೆತ್ತಿ ಎಂಬ ನಿರ್ದೇಶಕ ತನ್ನ ಸಿನಿಮಾದಲ್ಲಿ ವೆಸ್ಪಾ ಸ್ಕೂಟರಿನಲ್ಲಿ ಈ ಕೇರಿ ಸುತ್ತಿ ಬಾಯ್ತುಂಬ ಹೊಗಳಿದ್ದ. 2006ರಿಂದ ‘ಇ ಚೆಸರೋನಿ’ ಎಂಬ ಧಾರಾವಾಹಿ ಇಡೀ ಇಟಲಿಗೆ ಈ ಅಂಗಳಗಳನ್ನು ತೋರಿಸಿತು. 2012ರಲ್ಲಿ ರೈಲು ಹಳಿಗಳ ಮೇಲೆ ಬಿಳಿಯ ಸೇತುವೆ ಬಂತು. 1943ರ ಅಕ್ಟೋಬರ್ 16ರಂದು ರೋಮಿನಲ್ಲಿ ಹಿಡಿದು ಆಶ್ವಿಟ್ಜ್‌ಗೆ ಒಯ್ದ ಯಹೂದಿ ಹೆಂಗಸರಲ್ಲಿ ಜೀವಂತ ಮರಳಿದ ಒಬ್ಬಳೇ ಒಬ್ಬಳು ಸೆತ್ತಿಮಿಯಾ ಸ್ಪಿಟ್ಸಿಕೀನೊ. ಸೇತುವೆಗೆ ಆಕೆಯ ಹೆಸರಿಟ್ಟರಲ್ಲ, ಅದಕ್ಕೆ ಕೈಮುಗಿಯಬೇಕು. ಆದರೆ ಅದೇ ಸೇತುವೆಯ ಮೇಲೆ ಬಾಡಿಗೆಯೂ ದಾಟಿಬಂತು ಎನ್ನುವುದನ್ನು ನುಂಗಿಕೊಳ್ಳುವುದು ಕಷ್ಟ.

ಈಚೆಗೆ ಹೋಗಿದ್ದೆ. ಗೋಡೆಗಳಿಗೆ ಹೊಸ ಬಣ್ಣ ಬಳಿದಿದ್ದಾರೆ, ನಮ್ಮ ಕಾಲಕ್ಕಿಂತ ಅಚ್ಚುಕಟ್ಟು. ಗೇಟಿಗೆ ಬೀಗ. ಪಕ್ಕದಲ್ಲಿ ನಂಬರು ಒತ್ತಿ ತೆಗೆಯುವ ಕೀಲಿಯ ಡಬ್ಬಿಗಳು. ಅಂಗಳದಲ್ಲಿ ಕಂಬಗಳಿವೆ, ತಂತಿಯೂ ಇದೆ. ಹುಡುಗಿಯೊಬ್ಬಳು ಕಂಬಕ್ಕೆ ಒರಗಿ ಫೋಟೊ ತೆಗೆಸಿಕೊಳ್ಳುತ್ತಿದ್ದಳು. ನನ್ನ ಕೋಣೆಯ ಕಿಟಕಿಯ ಕೆಳಗೆ ಚಕ್ರದ ಸೂಟ್‌ಕೇಸು ಕಲ್ಲುಹಾಸಿನ ಮೇಲೆ ಕಟಕಟ ಎನ್ನುತ್ತ ಹೋಯಿತು. ಯಾರೂ ಕಿಟಕಿ ತೆರೆದು ‘ಯಾರು ನೀನು?’ ಎಂದು ಕೇಳಲಿಲ್ಲ.

ಅಜ್ಜಿ ಹೋಗಿ ಬಹಳ ವರ್ಷವಾಯಿತು. ಮಗಳು ವರ್ತುಲ ರಸ್ತೆಯ ಆಚೆ ಹೊಸ ಬಡಾವಣೆಯಲ್ಲಿದ್ದಾಳೆ. ಫೋನ್ ಮಾಡಿದ್ದಕ್ಕೆ ರೈಲು ಹಿಡಿದು ಬಂದಳು. ಸರ್ಕಾರಿ ವಸತಿ ಸಂಸ್ಥೆ ಬಾಡಿಗೆದಾರರಿಗೇ ಮನೆ ಮಾರಿದಾಗ ಅಮ್ಮ ಕಡಿಮೆ ಬೆಲೆಗೆ ಕೊಂಡಿದ್ದಳಂತೆ. ಅಮ್ಮ ತೀರಿಕೊಂಡ ಮೇಲೆ ಮಕ್ಕಳು ಮಾರಿ ಹಂಚಿಕೊಂಡರು. “ಮಾರಿದ್ದು ನಾವೇ, ಯಾರನ್ನ ಬಯ್ಯಲಿ?” ಎಂದಳು. ಈಗಿನ ಮನೆಯಲ್ಲಿ ಲಿಫ್ಟಿದೆ, ಬಟ್ಟೆ ಒಣಗಿಸುವ ಯಂತ್ರವಿದೆ, ಪಕ್ಕದ ಮನೆಯವರ ಹೆಸರು ಗೊತ್ತಿಲ್ಲ, ಮಂಡಿನೋವಿಗೆ ಲಿಫ್ಟು ಬೇಕೇ ಬೇಕು. ಹುಟ್ಟಿದ ಮನೆ ಈಗ ರಾತ್ರಿಯ ಲೆಕ್ಕದಲ್ಲಿ ಬಾಡಿಗೆಗೆ ಸಿಗುತ್ತದೆ. ಇವಳ ಹುಟ್ಟುಹಬ್ಬಕ್ಕೆ ಅಲ್ಲೇ ಎರಡು ರಾತ್ರಿ ಬುಕ್ ಮಾಡಿಕೊಡುತ್ತೇನೆಂದು ಇವಳ ಮಗಳು ಉತ್ಸಾಹದಿಂದ ಹೊರಟಿದ್ದಳಂತೆ. “ಕೆನ್ನೆಗೆ ಬಾರಿಸ್ತೀನಿ ಅಂದೆ” ಎಂದು ನಗುತ್ತಲೇ ಹೇಳಿದಳು. ಆಮೇಲೆ ಒಂದು ರಾತ್ರಿಗೆ ಎಷ್ಟು ಕೇಳುತ್ತಾರೆಂದೂ ಹೇಳಿದಳು. ಆಗಲೇ ವಿಚಾರಿಸಿಯಾಗಿತ್ತು.